ಸಿಂಗಿ ಬಿಟ್ಟುಕೊಡದ ಮರಿಹುಳುಗಳು

ಕೆರೆಯ ಮೇಲೆ ಬಾಗಿದ ನೇರಳೆ ಮರವೊಂದರಲ್ಲಿ ಕೆಂಜಿಗ ಇರುವೆಗಳ ಊರಿತ್ತು. ಮಕ್ಕಳೇ, ಇವು ಮನೆ ಕಟ್ಟುವ ಚಂದ ನೋಡಬೇಕು. ದೊಡ್ಡವು ಎರಡು ಹಸಿ ಎಲೆಗಳ ಅಂಚನ್ನು ಕಚ್ಚಿ ಎಳೆದು ಕೂಡಿಸುತ್ತವೆ. ತಮ್ಮ ಮರಿಹುಳುಗಳ ಬಾಯಿಂದ ಬರುವ ನೂಲಿನಲ್ಲಿ ಹೊಲಿಯುತ್ತವೆ.

ಆ ಮರಿಗಳನ್ನು ಸಾಕುವ ಕೆಲಸ ಸಿಂಗಿಯದು. ಮೈ ಸಣ್ಣದು, ಹಟ ದೊಡ್ಡದು.

ಎಲೆ ಒಣಗಿದರೆ ಮನೆ ಬದಲಿಸಬೇಕು. ಹಿಂದೆಲ್ಲ ಬೇಕಾದ್ದನ್ನು ಆರಿಸಿ ಹೊರಗಿಟ್ಟು, ಆಮೇಲೆ ಹಳೆ ಗೂಡು ಕೆಡವುತ್ತಿದ್ದವು. ಯಜಮಾನಿ ಚೊಕ್ಕಕ್ಕನಿಗೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು? ಈ ಸಲ “ತೊಟ್ಟು ಕತ್ತರಿಸಿ ಗೂಡನ್ನು ಇದ್ದ ಹಾಗೇ ಕೆರೆಗೆ ಬೀಳಿಸಿ, ಒಳಗಿರುವುದೆಲ್ಲ ಕಸವೇ” ಎಂದು ಅಪ್ಪಣೆ ಮಾಡಿದಳು.

ಇರುವೆಗಳೆಲ್ಲ ಹೊರಗೆ ಬಂದವು. ಸಿಂಗಿ ಮಾತ್ರ ಜಪ್ಪಯ್ಯ ಅಂದರೂ ಕದಲದೆ ಬಾಗಿಲಲ್ಲಿ ಕಾಲೂರಿ ನಿಂತಳು.

“ಒಣಗಿದ ಎಲೆ ಬಿಸಾಡಿ, ಹರಿದ ನೂಲು ಬಿಸಾಡಿ. ಅವನ್ನು ಮತ್ತೆ ಮಾಡಿಕೊಳ್ಳಬಹುದು. ಈ ಮರಿಗಳಿಂದಲೇ ಅಲ್ಲವೇ ಮನೆ ಆಗುವುದು? ಯಾರು ಬಂದರೂ ಕೊಡುವುದಿಲ್ಲ.”

“ನನಗೇ ಎದುರಾಡುತ್ತೀಯಾ?”

“ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರಿಗೆ ಎದುರಾಡಲೇಬೇಕು, ಅಕ್ಕ.”

ಚೊಕ್ಕಕ್ಕ ಉರಿದುಬಿದ್ದಳು. ಕತ್ತರಿಸಲು ಹೇಳಿಯೇಬಿಟ್ಟಳು. ತೊಟ್ಟು ಮುರಿಯುವಷ್ಟರಲ್ಲಿ ಸಿಂಗಿ ಓಡಿ ಓಡಿ ಹನ್ನೊಂದು ಮರಿಗಳನ್ನು ಕೊಂಬೆಯ ಕವಲಿಗೆ ಹೊತ್ತು ತಂದಳು. ಉಳಿದವು ಗೂಡಿನೊಂದಿಗೆ ನೀರು ಪಾಲಾದವು. ಸಿಂಗಿ ಆ ಹನ್ನೊಂದರ ಮುಂದೆ ಬಾಯಿ ಅಗಲಿಸಿ ಕಾವಲು ನಿಂತಳು.

ಅಷ್ಟರಲ್ಲಿ ಮೋಡ ಕವಿಯಿತು. ಇರುವೆಗಳು ಗಡಿಬಿಡಿಯಿಂದ ಹೊಸ ಎಲೆಗಳನ್ನು ಎಳೆದು ಕಚ್ಚಿ ನಿಂತವು. ಚೊಕ್ಕಕ್ಕನೂ ಒಂದು ಅಂಚು ಕಚ್ಚಿದಳು. ಸರಿ, ಹೊಲಿಯಲು ನೂಲೆಲ್ಲಿ? ಬಾಯಿ ಬಿಟ್ಟರೆ ಎಲೆ ಚಿಮ್ಮಿಹೋಗುತ್ತದೆ. ಬಿಡದಿದ್ದರೆ ಹೀಗೇ ನಿಂತು ಮಳೆಗೆ ಕೊಚ್ಚಿಹೋಗಬೇಕು.

ಸಿಂಗಿ ಒಂದು ಮರಿಯನ್ನು ಹೊತ್ತು ತಂದು ಚೊಕ್ಕಕ್ಕನ ಮೂಗಿನೆದುರೇ ಎಲೆಯ ಮೇಲಿಟ್ಟಳು.

“ಇದು ಕಸವೇ, ಅಕ್ಕ?”

ಚೊಕ್ಕಕ್ಕ ಬಾಯಿ ತೆರೆಯುವಂತಿಲ್ಲ. ಅಲ್ಲವೆಂದು ತಲೆ ಆಡಿಸಿದಳು.

“ಇನ್ನು ಮೇಲೆ ನಾನು ಆರಿಸಿದ ಮೇಲೆಯೇ ನೀವು ಗುಡಿಸಬೇಕು.”

ಮೊದಲ ಹನಿ ಎಲೆಯ ಮೇಲೆ ಟಪ್ಪೆಂದಿತು. ಚೊಕ್ಕಕ್ಕ ತಲೆ ತಗ್ಗಿಸಿದಳು. ಸಿಂಗಿ ಅವಳ ಬಾಯಿಯ ಪಕ್ಕದಿಂದಲೇ ಹೊಲಿಗೆ ಶುರುಮಾಡಿದಳು.

ನೀತಿ: ಮತ್ತೆ ಮಾಡಿಕೊಳ್ಳಬಹುದಾದದ್ದನ್ನು ಗುಡಿಸು, ಮಾಡಲು ಬೇಕಾದದ್ದನ್ನು ಉಳಿಸು, ಎರಡನ್ನೂ ಒಂದೇ ಎನ್ನುವವರು ಯಜಮಾನರಾದರೂ ಎದುರು ನಿಲ್ಲು.