ಹೊಳೆ ಕಡೆಯ ಗೇಟು

ಹೊಳೆ ದಡದ ಹಳೆ ಹೆಂಚಿನ ಕಾರ್ಖಾನೆಯನ್ನು ಕೆಡವಲು ಬಂದವರ ಎದುರು ಭೋಜ ಎದೆ ಕೊಟ್ಟು ನಿಂತವನು. ಅದಕ್ಕೆ ಭೇಷ್ ಎನ್ನಬೇಕು. ಆಮೇಲೆ ಮಾಡಿದ್ದಿದೆಯಲ್ಲ, ಅದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ಅವನಿಗೆ ಕಟ್ಟಡದ ವಿದ್ಯೆ ಕಲಿಸಿದವರು ಆಚೆ ದಡದ ಆಶ್ರಮದ ಸಂಕಪ್ಪ ಗುರುಗಳು. ತನ್ನ ಕೈಯಲ್ಲಿ ಕಾರ್ಖಾನೆ ಊಟದ ಹೋಟೆಲಾಗಿ, ಚಿತ್ರಶಾಲೆಯಾಗಿ ಸಜ್ಜಾದ ಮೇಲೆ ಭೋಜ ಅವರಲ್ಲಿಗೆ ಓಡಿದ.

“ಗುರುಗಳೇ, ಹಳೆಯದೊಂದನ್ನೂ ಬಿಸಾಡಲಿಲ್ಲ. ಅದೇ ತೊಲೆ, ಅದೇ ಹೆಂಚು. ಒಡೆದ ಹೆಂಚನ್ನು ನೆಲಕ್ಕೆ ಹಾಸಿದ್ದೇನೆ. ಹೊಳೆಯ ಗಾಳಿಯೇ ಸಾಕು, ಫ್ಯಾನು ಕೂಡ ಬೇಡ. ನಾಳೆ ನೀವೇ ಬಂದು ಉದ್ಘಾಟನೆ ಮಾಡಬೇಕು. ಕಾರು ಕಳಿಸ್ತೇನೆ.”

“ಕಾರು ಯಾಕೆ? ದೋಣಿ ಉಂಟಲ್ಲ.”



ಮರುದಿನ ಗುರುಗಳು ಹತ್ತಿದ್ದು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರ ದೋಣಿ. ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕಿ, ಕಾರ್ಖಾನೆಯ ಮೆಟ್ಟಿಲಲ್ಲಿ ಇಳಿದು, ಅಂಗಳ ದಾಟಿ ಪೇಟೆಗೆ ಹೋಗುವುದು ಅವರ ಅಜ್ಜಿಯರ ಕಾಲದಿಂದ ಬಂದ ದಾರಿ.

“ಅಲ್ಲಿ ಈಗ ಇಳಿಯಲಿಕ್ಕೆ ಆಗುವುದಿಲ್ಲ ಸ್ವಾಮಿ,” ಎಂದಳು ಹುಟ್ಟು ಹಾಕುತ್ತಿದ್ದ ದೇವಕಿ. “ಗೇಟು ಹಾಕಿದ್ದಾರೆ. ನಾವು ಸೇತುವೆ ಸುತ್ತಿ ಹೋಗುವುದು. ಅಷ್ಟರಲ್ಲಿ ಬಿಸಿಲೇರಿ ಅರ್ಧ ಮರುವಾಯಿ ಬಾಯಿ ಬಿಟ್ಟು ಸಾಯ್ತದೆ. ಸತ್ತದ್ದನ್ನು ಯಾರು ತಗೊಳ್ತಾರೆ? ಹೀಗೇ ಆದರೆ ನಾವು ಹೆಕ್ಕುವುದನ್ನೇ ಬಿಡಬೇಕು.”

“ದೋಣಿಯನ್ನು ಆ ಮೆಟ್ಟಿಲಿಗೇ ಬಿಡು ತಾಯಿ,” ಎಂದರು ಗುರುಗಳು.

ಮೆಟ್ಟಿಲ ತುದಿಯಲ್ಲಿ ಕಬ್ಬಿಣದ ಗೇಟು, ಅದಕ್ಕೊಂದು ಬೀಗ. ಆಚೆಯಿಂದ ಭೋಜ ಹಾರ ಹಿಡಿದು ಓಡಿ ಬಂದ.

“ಅಯ್ಯೋ ಗುರುಗಳೇ! ತಡೀರಿ, ನಿಮಗೆ ತೆಗೀತೇನೆ.”

“ಇವರಿಗೆ?”

“ಊಟಕ್ಕೆ ಬರುವವರು ವಾಸನೆ ಅಂತಾರೆ. ನಾನೇನು ಮಾಡಲಿ?”

ಎಂಥ ಮಾತು ನೋಡಿ! ಒಳಗಿನ ಊಟದ ಫಲಕದಲ್ಲಿ ಮೊದಲು ಬರೆದದ್ದೇ ಮರುವಾಯಿ ಸುಕ್ಕ. ತಟ್ಟೆಯಲ್ಲಿದ್ದಾಗ ವಾಸನೆ ಇಲ್ಲ, ಬುಟ್ಟಿಯಲ್ಲಿದ್ದರೆ ವಾಸನೆ!

ದೇವಕಿ ಸರಳುಗಳ ನಡುವಿನಿಂದ ಒಳಗೆ ನೋಡುತ್ತಿದ್ದಳು. ಗೋಡೆಯ ತುಂಬ ಹಳೆಯ ಫೋಟೋ. ಹೆಂಚಿನ ಮಣ್ಣು ತುಂಬಿದ ಬುಟ್ಟಿ ಹೊತ್ತ, ಆ ಕಾಲದ ಕಾರ್ಖಾನೆಯ ಹೆಂಗಸರು.

“ಆ ಕೊನೆಯಲ್ಲಿರುವುದು ನನ್ನಮ್ಮ,” ಎಂದಳು.

ಭೋಜನ ಮುಖ ಅರಳಿತು. “ಹೌದಾ ಅಕ್ಕ? ಅವರನ್ನೆಲ್ಲ ಯಾರೂ ಮರೆಯಬಾರದು ಅಂತಲೇ ತೂಗು ಹಾಕಿದ್ದು!”

ಗುರುಗಳ ಮುಖ ಕೆಂಪಾಯಿತು. ಅವರು ದೇವಕಿಯ ಬುಟ್ಟಿ ಇಸಕೊಂಡು ತಮ್ಮ ತಲೆಗೇರಿಸಿದರು. ಬುಟ್ಟಿಯಿಂದ ಹೊಳೆಯ ನೀರು ಸೋರಿ ಶಾಲಿನ ಮೇಲೆಲ್ಲ ಇಳಿಯಿತು.

“ಇಳಿಸಿ ಗುರುಗಳೇ! ಜನ ನೋಡ್ತಿದ್ದಾರೆ!”

“ನೋಡಲಿ. ಭಾರ ಉಂಟು ಮಾರಾಯ, ಬೇಗ ಹೇಳು. ಈ ಗೇಟು ಕೀಳ್ತೀಯೋ, ಇಲ್ಲ ನನ್ನದೂ ಒಂದು ಫೋಟೋ ತೆಗೆದು ಅಲ್ಲೇ ತೂಗು ಹಾಕ್ತೀಯೋ?”