ಚೀಟಿಯಿಲ್ಲದ ಮುದುಕಿ

"ಗುರುಗಳೇ, ಮೋಸ ಮಾಡಲಾರರು ಎಂದು ಊರಿಗೇ ಗೊತ್ತಿರುವವರ ಹಾಲನ್ನೂ ಅಳೆಯಬೇಕೆ?"

ಕೇಳಿದವನು ಪುರಸಭೆಯಲ್ಲಿ ಹಾಲಿನ ಪರೀಕ್ಷಕನಾಗಿ ಹೊಸದಾಗಿ ಸೇರಿದ ಶಿಷ್ಯ. ಗುರುಗಳು ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ತುಪ್ಪದ ವ್ಯಾಪಾರ ಮಾಡಿದವರು. ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಕಟ್ಟುನಿಟ್ಟಾದ ಕಾಯಿದೆಯಿತ್ತು. ಮಾರಲು ತಂದ ಹಾಲೆಲ್ಲ ಊರ ಬಾಗಿಲ ಕಟ್ಟೆಯಲ್ಲಿ ಪರೀಕ್ಷೆಯಾಗಬೇಕು. ಪರೀಕ್ಷಕ ಪ್ರತಿ ಪಾತ್ರೆಯನ್ನೂ ಕಲಕಿ, ಮಾಪಕ ಇಳಿಸಿ ನೋಡುತ್ತಿದ್ದ. ಸರಿಯಿದ್ದರೆ ತಾರೀಖು ಹಾಕಿದ ಚೀಟಿ. ನೀರಿದ್ದರೆ ಹಾಲು ಚರಂಡಿಗೆ. ಸ್ವಂತ ಭಾವಮೈದುನನ ಹಾಲನ್ನೂ ಒಮ್ಮೆ ಚೆಲ್ಲಿದ್ದ.

ಆ ಸಾಲಿನಲ್ಲಿ ಒಬ್ಬ ಮುದುಕಿಯಿದ್ದಳು. ಎರಡು ಎಮ್ಮೆ, ಹತ್ತು ಮನೆಗೆ ದಿನವೂ ತಪ್ಪದೆ ಹಾಕುವ ವರ್ತನೆಯ ಹಾಲು. ಅದೇ ಅವಳ ಅನ್ನ. ಪರೀಕ್ಷಕ ಅವಳ ಹಾಲು ಕುಡಿದೇ ಬೆಳೆದವನು.

"ಅಜ್ಜಿ, ನಿನ್ನ ಹಾಲಿಗೆ ಮಾಪಕ ಹಾಕಿದರೆ ನನ್ನ ಕೈ ಬಿದ್ದುಹೋದೀತು. ನಡೆ."

"ನಂಬಿಕೆಯನ್ನು ನಿನ್ನ ಮನೆಯಲ್ಲಿ ಇಟ್ಟುಕೋ ಮಗಾ. ಇಲ್ಲಿ ಅಳೆದು ಚೀಟಿ ಕೊಡು."

ಹಿಂದೆ ನಿಂತವನೊಬ್ಬ ನಕ್ಕ. "ಸುಂಕದವನು ಬಿಟ್ಟರೂ ಗಂಟು ಬಿಚ್ಚಿ ತೋರಿಸುತ್ತೇನೆ ಅನ್ನುವ ಮುದುಕಿ ಇದು! ಮುಂದೆ ಹೋಗಜ್ಜಿ, ಬಿಸಿಲಿಗೆ ನನ್ನ ಹಾಲು ಒಡೆಯುತ್ತೆ."

ಮೂರು ದಿನ ಕೇಳಿದಳು. ನಾಲ್ಕನೆಯ ದಿನ ಸುಮ್ಮನೆ ದಾಟಿದಳು. ಹಾಗೆಯೇ ಎರಡು ವರ್ಷ ನಡೆಯಿತು.

ಒಂದು ಬೇಸಿಗೆ ಊರ ಮಕ್ಕಳಿಗೆ ವಾಂತಿಭೇದಿ ಹಿಡಿಯಿತು. ಹಾಲಿಗೆ ಯಾರೋ ಕೆರೆಯ ನೀರು ಬೆರೆಸಿದ್ದಾರೆ ಎಂದರು ವೈದ್ಯರು. ಜನ ಮಾರುವವರನ್ನೆಲ್ಲ ತಡೆದು ಕೇಳಿದರು. ಒಬ್ಬೊಬ್ಬರೂ ಆ ವಾರದ ಚೀಟಿ ತೆಗೆದು ತೋರಿಸಿದರು. ಮುದುಕಿಯ ಕೈ ಬರಿದಾಗಿತ್ತು.

ಪರೀಕ್ಷಕ ಓಡಿಬಂದ. "ಇವಳ ಹಾಲು ಶುದ್ಧ. ನಾನು ಬಲ್ಲೆ" ಎಂದ.

"ಅಳೆದಿದ್ದೀಯಾ?" ಎಂದರು ಜನ.

ಅವನು ಅವಳ ಹಾಲು ಕಲಕಿದ. ಅಲ್ಲೇ ಅವಳ ಪಾತ್ರೆಗೆ ಮಾಪಕ ಇಳಿಸಿದ. ಹಾಲು ಅಪ್ಪಟವಾಗಿತ್ತು.

"ಇದು ಇವತ್ತಿನದು. ನನ್ನ ಮಗು ಕುಡಿದದ್ದು ಮೊನ್ನೆಯದು" ಎಂದಳು ಒಬ್ಬ ತಾಯಿ.

ಕುಡಿದ ಹಾಲಿಗೆ ಮಾಪಕವಿಲ್ಲ. ನೀರು ಬೆರೆಸಿದವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ಹತ್ತು ಮನೆಗಳೂ ಮುದುಕಿಗೆ ಬಾಗಿಲು ಹಾಕಿದವು.

ಮಾರನೆಯ ಬೆಳಿಗ್ಗೆ ಕಟ್ಟೆಯ ಮುಂದೆ ಎಲ್ಲರಿಗಿಂತ ಮೊದಲು ನಿಂತವಳು ಅವಳೇ. ಪರೀಕ್ಷಕ ತಲೆ ತಗ್ಗಿಸಿದ. "ಕೊಳ್ಳುವವರೇ ಇಲ್ಲವಲ್ಲ ಅಜ್ಜಿ, ಯಾರಿಗೆಂದು ಅಳೆಯಲಿ?"

"ಕೊಳ್ಳುವವರ ಚಿಂತೆ ನನಗಿರಲಿ. ನಿನ್ನ ಕೆಲಸ ನೀನು ಮಾಡು."

ಅಳೆದ. ಚೀಟಿ ಕೊಟ್ಟ. ಅವಳು ಆ ಹಾಲಿಗೆ ಹೆಪ್ಪು ಹಾಕಿ, ಬೆಣ್ಣೆ ತೆಗೆದು, ಪಕ್ಕದೂರಿನ ಸಂತೆಗೆ ಹೊತ್ತಳು. ಮೇವಿಗೆ ಸಾಲದೆ ಒಂದು ಎಮ್ಮೆಯನ್ನು ಮಾರಿದಳು. ಕಟ್ಟೆಗೆ ಬರುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆ ಮನೆಯವರು ಮತ್ತೆ ಅವಳ ಹಾಲು ಕೊಂಡರೇ ಗುರುಗಳೇ?"

"ವರ್ಷ ಕಳೆದ ಮೇಲೆ ನಾಲ್ಕು ಮನೆಯವರು ಕೊಂಡರು" ಎಂದರು ಗುರುಗಳು. "ಈಗ ನೀನು ಹೇಳು, ಇವತ್ತು ಯಾರ ಪಾತ್ರೆಯನ್ನು ಅಳೆಯದೆ ಕೈಮುಗಿದು ಕಳಿಸಿದೆ?"