ಮೂವರು ಅಣ್ಣಂದಿರ ಒಬ್ಬಳೇ ತಂಗಿ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಮಂದಾರವಲ್ಲಿ ಹಾಕುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ!"

ದೀಪಗಿರಿಯಲ್ಲಿ ಡಂಗೂರ ಬಿತ್ತು. ಮದುವೆಗಾಗಿ ತಲೆ ಕಳೆದುಕೊಳ್ಳಲು ಯಾವ ದೇಶದಲ್ಲೂ ಗಂಡಸರಿಗೆ ಬರವಿಲ್ಲ. ಇಲ್ಲೂ ಸಾಲುಗಟ್ಟಿ ನಿಂತರು.

"ಮೂವರು ಅಣ್ಣಂದಿರು ಹೊರಡುತ್ತಾರೆ," ಎಂದಳು ರಾಜಕುಮಾರಿ. "ಮೂವರ ಹೊರೆಯನ್ನೂ ಹೊತ್ತು ಮರಳುವವಳು ಒಬ್ಬಳೇ ತಂಗಿ. ಮೂವರೂ ಸಮನಾಗಿ ದುಡಿದ ದಿನ ಅವಳು ಬರಿಗೈಯಲ್ಲಿ ಬರುತ್ತಾಳೆ. ಯಾರವಳು?"

"ನದಿ!" ಎಂದ ಸಿಂಹಕೋಟೆಯ ಯುವರಾಜ. ಸೆರೆಮನೆಗೆ ಹೋದ.

"ಸೊಸೆ," ಎಂದರು ಪಂಡಿತರೊಬ್ಬರು. ಹೆಂಗಸರೆಲ್ಲ ನಕ್ಕರು. "ನಿಜವೇ ಪಂಡಿತರೇ, ಆದರೆ ಉತ್ತರವಲ್ಲ," ಎಂದಳು ರಾಜಕುಮಾರಿ. ಅವರೂ ಸೆರೆಮನೆಗೆ ಹೋದರು. ಶುಕ್ರವಾರ ಇಬ್ಬರ ತಲೆಯೂ ಉರುಳಬೇಕಿತ್ತು.

ಆಗ ಬಂದವನು ಪೇಟೆಯ ವೈರ್‌ಮನ್ ಚನ್ನಿಗ, ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು.

"ಏಯ್, ಬಲ್ಬು ಹಾಕೋರು ಹಿಂದಿನ ಬಾಗಿಲಿಗೆ ಹೋಗಬೇಕು," ಎಂದ ಕಾವಲಿನವನು.

"ಬಲ್ಬು ಹಾಕೋಕಲ್ಲಣ್ಣ, ತಲೆ ಒಡ್ಡೋಕೆ ಬಂದೆ."

ಒಗಟು ಕೇಳಿ ಅವನು ತಡಮಾಡಲಿಲ್ಲ. "ಅವಳು ನ್ಯೂಟ್ರಲ್ ವೈರು, ದೊರೆಸಾನಿ. ಕರೆಂಟು ತರೋ ಮೂರು ಫೇಸಿಗೂ ಸೇರಿಸಿ, ಅದನ್ನ ವಾಪಸ್ ಒಯ್ಯೋಕೆ ಒಂದೇ ಎಳೆದಿರ್ತಾರೆ. ಮೂರರ ಮೇಲೂ ಭಾರ ಸಮ ಇದ್ರೆ ಒಂದರ ಕರೆಂಟನ್ನ ಇನ್ನೆರಡು ಕಳೆದುಬಿಡ್ತವೆ. ವಾಪಸ್ ತರೋಕೆ ಏನೂ ಉಳಿಯೋಲ್ಲ."

"ಎರಡನೆಯದು," ಎಂದಳು ರಾಜಕುಮಾರಿ. "ಆ ತಂಗಿ ನಡುದಾರಿಯಲ್ಲಿ ಕಡಿದುಹೋದರೆ ಮೊದಲು ಸಾಯುವವರು ಯಾರು? ಹೆಚ್ಚು ಉಣ್ಣುವವರೋ, ಕಡಿಮೆ ಉಣ್ಣುವವರೋ?"

"ಹೆಚ್ಚು ಉಣ್ಣೋರು, ಹಸಿವಿಗೆ," ಎಂದು ಮಂತ್ರಿ ದೊರೆಯ ಕಿವಿಯಲ್ಲಿ ಉಸುರಿದ್ದು ಎಲ್ಲರಿಗೂ ಕೇಳಿಸಿತು.

"ಕಡಿಮೆ ಉಣ್ಣೋರು," ಎಂದ ಚನ್ನಿಗ. "ಆಗ ಎರಡು ಫೇಸಿನ ನಡುವೆ ಹೆಚ್ಚು ಉಣ್ಣೋ ಕರೆಂಟ್ ಒಲೆಯೂ ಕಡಿಮೆ ಉಣ್ಣೋ ಪುಟ್ಟ ಬಲ್ಬೂ ಒಂದೇ ಸಾಲಲ್ಲಿ ಸಿಕ್ಕಿಬೀಳ್ತವೆ. ಒಲೆ ಮಂಕಾಗುತ್ತೆ ಅಷ್ಟೇ. ವೋಲ್ಟೇಜೆಲ್ಲ ಬಲ್ಬಿನ ಮೇಲೆ ಬಿದ್ದು ಫಟ್ ಅನ್ನುತ್ತೆ. ಸಾಯೋದು ಹಸಿವಿಗಲ್ಲ ಮಂತ್ರಿಗಳೇ, ಬಲವಂತದ ಊಟಕ್ಕೆ."

ಮೂರನೆಯದಕ್ಕೆ ರಾಜಕುಮಾರಿಯ ದನಿ ತಗ್ಗಿತು. "ಹೋದ ವರ್ಷ ಅರಮನೆಯ ವೈರ್‌ಮನ್ ಬಸವಯ್ಯ ಸ್ವಿಚ್ ಆರಿಸಿಯೇ ಕೆಲಸಕ್ಕೆ ಕೂತ. ಟೆಸ್ಟರ್ ಇಟ್ಟು ನೋಡಿದ, ಅದರ ದೀಪ ಹೊತ್ತಲಿಲ್ಲ. ನ್ಯೂಟ್ರಲ್ಲಿನ ಗಂಟು ಬಿಚ್ಚಿದ, ಸತ್ತ. ಕೊಂದದ್ದು ಯಾವುದು?"

ಚನ್ನಿಗ ಸುಟ್ಟು ಸೊಟ್ಟಗಾದ ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಪಕ್ಕದ ಕೋಣೆ."

"ತಲೆ ತೆಗೀರಿ!" ಎಂದು ದೊರೆ ಎದ್ದ.

"ಅವನು ಮಾತು ಮುಗಿಸಲಿ, ಅಪ್ಪಾಜಿ."

"ಅವನು ಆರಿಸಿದ್ದು ತಾನು ಕೂತ ಕೋಣೆಯ ಸರ್ಕ್ಯೂಟು ಮಾತ್ರ. ಅದೇ ನ್ಯೂಟ್ರಲ್ಲನ್ನ ಪಕ್ಕದ ಕೋಣೆದೂ ಹಂಚಿಕೊಂಡಿತ್ತು. ಅಲ್ಲಿ ಫ್ಯಾನು ತಿರುಗ್ತಿತ್ತು. ಗಂಟು ಕೂಡಿರೋವರೆಗೆ ಟೆಸ್ಟರ್ ಸುಮ್ಮನಿರುತ್ತೆ. ಬಿಚ್ಚಿದ ತಕ್ಷಣ ಫ್ಯಾನಿನ ಕರೆಂಟಿಗೆ ವಾಪಸಾಗೋ ದಾರಿ ಅವನ ಮೈಯೇ ಆಯ್ತು. ನನಗೂ ಒಮ್ಮೆ ಹೀಗೇ ಆಗಿತ್ತು, ಬೆರಳು ಸುಟ್ಟಿದ್ದಷ್ಟೇ."

"ಪಕ್ಕದ ಕೋಣೆ ನನ್ನದು," ಎಂದಳು ಮಂದಾರವಲ್ಲಿ. "ಫ್ಯಾನು ಹಾಕಿಕೊಂಡು ಕೂತಿದ್ದವಳು ನಾನೇ."

"ತಪ್ಪು ನಿಮ್ಮದಲ್ಲ, ದೊರೆಸಾನಿ. ಒಂದೇ ನ್ಯೂಟ್ರಲ್ ಹಂಚಿಕೊಂಡ ಮೇಲೆ ಸ್ವಿಚ್ಚುಗಳೂ ಒಟ್ಟಿಗೇ ಆರಬೇಕು. ತಪ್ಪು ಹಾಗೆ ಕಟ್ಟದೆ ಬಿಟ್ಟವರದ್ದು."

ವರ್ಷದಿಂದ ತಡೆದಿದ್ದ ಅಳು ಅವಳಿಗೆ ಆಗ ಬಂತು. ದೊರೆ ಅರ್ಧ ರಾಜ್ಯದ ಮಾತೆತ್ತಿದ. "ಮೊದಲು ಸೆರೆಯಲ್ಲಿರೋ ಇಬ್ಬರನ್ನ ಬಿಡಿ," ಎಂದ ಚನ್ನಿಗ, "ಆಮೇಲೆ ನನಗೊಂದು ಕಬ್ಬಿಣದ ಪಟ್ಟಿ ಕೊಡಿ." ಅರಮನೆಯಲ್ಲಿ ಒಂದೇ ನ್ಯೂಟ್ರಲ್ ಹಂಚಿಕೊಂಡ ಮೂರು ಫೇಸಿನ ಸ್ವಿಚ್ಚುಗಳ ಹಿಡಿಗಳನ್ನು ಆ ಪಟ್ಟಿಯಿಂದ ಜೋಡಿಸಿ ಬಿಗಿದ ಮೇಲೆಯೇ ಹಸೆಮಣೆ ಏರಿದ.

ದೀಪಗಿರಿಯಲ್ಲಿ ಈಗಲೂ ಒಂದನ್ನು ಆರಿಸಿದರೆ ಮೂರೂ ಆರುತ್ತವೆ. ಜನ ಗೊಣಗುತ್ತಾರೆ. ಬದುಕಿದ್ದುಕೊಂಡು ಗೊಣಗುತ್ತಾರೆ.